ಮನೋಚಿಕಿತ್ಸಕನ ಚಿನ್ನದ ಸಂಕೋಲೆ

ವಕೀಲರಾಗಲಿ ವೈದ್ಯರಾಗಲಿ ಸ್ವಂತ ವೃತ್ತಿಯಲ್ಲಿ ಹೆಸರು ಗಳಿಸಿದವರ ವಿಷಯದಲ್ಲಿ ನಮ್ಮ ಜನ ಆಡುವ ಮಾತೊಂದುಂಟು: "ಅವರಿಗೇನು, ಊಟಕ್ಕೂ ಪುರಸೊತ್ತಿಲ್ಲದಷ್ಟು ಪ್ರಾಕ್ಟೀಸು!" ಈ ಮಾತಿನಲ್ಲಿ ಮೆಚ್ಚುಗೆಯಿದೆ, ತುಸು ಅಸೂಯೆಯೂ ಇದೆ, ಅನುಕಂಪ ಮಾತ್ರ ಇಲ್ಲ. ಊಟಕ್ಕೆ ಪುರಸೊತ್ತಿಲ್ಲದಿರುವುದು ಒಂದು ಕಷ್ಟವೆಂದು ಯಾರಿಗೂ ತೋರುವುದಿಲ್ಲ. ಅದು ಯಶಸ್ಸಿನ ಲಕ್ಷಣವೆಂದೇ ಎಲ್ಲರೂ ಎಣಿಸುತ್ತಾರೆ. ಯಶಸ್ಸು ಮನುಷ್ಯನಿಗೆ ಸ್ವಾತಂತ್ರ್ಯವನ್ನು ತಂದುಕೊಡುತ್ತದೆಂಬ ನಂಬಿಕೆ ಅಷ್ಟು ಆಳವಾಗಿ ನಮ್ಮಲ್ಲಿ ಬೇರೂರಿದೆ.

ಮನಸ್ಸಿನ ಕ್ಲೇಶಗಳಿಗೆ ಮಾತಿನ ಮೂಲಕ ಚಿಕಿತ್ಸೆ ಮಾಡುವ ಮನೋಚಿಕಿತ್ಸಕರ ವಿಷಯದಲ್ಲಿ ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಸ್ವಂತ ಕೊಠಡಿಯೊಂದನ್ನು ತೆರೆದು, ಜನರ ವಿಶ್ವಾಸವನ್ನು ಗಳಿಸಿ, ವಾರದ ಗಂಟೆಗಳೆಲ್ಲವೂ ತುಂಬಿ, ಹೊಸದಾಗಿ ಬಂದವರನ್ನು ಸ್ಥಳವಿಲ್ಲವೆಂದು ಹಿಂದಕ್ಕೆ ಕಳುಹಿಸುವ ಸ್ಥಿತಿಯನ್ನು ಮುಟ್ಟಿದ ಚಿಕಿತ್ಸಕರಲ್ಲಿ ಹಲವರು, ಆ ಸ್ಥಿತಿಯನ್ನು ಮುಟ್ಟಿದ ಮೇಲೆಯೇ, ತಾವು ಸೆರೆಸಿಕ್ಕಿದ್ದೇವೆಂದು ಭಾವಿಸತೊಡಗುತ್ತಾರೆ. ಬಿಟ್ಟುಹೋಗಲು ಮನಸ್ಸುಂಟು, ದಾರಿಯಿಲ್ಲ. ಮುಂದುವರಿಯಲು ದಾರಿಯುಂಟು, ಮನಸ್ಸಿಲ್ಲ. ಇದು ಆ ವ್ಯಕ್ತಿಗಳ ದೌರ್ಬಲ್ಯವೆಂದು ಹೇಳಿ ಮುಗಿಸುವುದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಒಬ್ಬ ಚಿಕಿತ್ಸಕ, ಒಬ್ಬ ರೋಗಿ, ಒಂದು ಗಂಟೆ, ಒಂದು ಶುಲ್ಕ ಎಂಬ ಏರ್ಪಾಟಿನಲ್ಲಿಯೇ ಈ ಸೆರೆಯ ಬೀಜವಿದೆ; ಏರ್ಪಾಟನ್ನು ತಿದ್ದದೆ ವ್ಯಕ್ತಿಗೆ ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲ.

ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಮನಶ್ಶಾಸ್ತ್ರವನ್ನು ಓದಬೇಕೆಂಬ ಹಂಬಲ ಇಂದಿನ ತರುಣರಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆ ದಾರಿಯನ್ನು ಹಿಡಿಯುವವರು ಅದರ ತುದಿಯಲ್ಲಿ ಏನಿದೆಯೆಂಬುದನ್ನು ಮೊದಲೇ ಅರಿತಿರುವುದು ಮೇಲಲ್ಲವೆ?

ಕೂಡಿಡಲಾಗದ ಸರಕು

ವರ್ತಕನೊಬ್ಬನ ವ್ಯಾಪಾರ ಕುದುರಿದರೆ ಅವನು ಆಳುಗಳನ್ನಿಟ್ಟುಕೊಳ್ಳುತ್ತಾನೆ. ಇನ್ನೊಂದು ಅಂಗಡಿಯನ್ನು ತೆರೆಯುತ್ತಾನೆ. ತೀರ್ಥಯಾತ್ರೆಗೆ ಹೋದರೂ ಗಲ್ಲಾಪೆಟ್ಟಿಗೆ ತುಂಬುತ್ತಲೇ ಇರುತ್ತದೆ. ಗ್ರಂಥಕರ್ತನು ಒಮ್ಮೆ ಬರೆದ ಪುಸ್ತಕ ಸಾವಿರ ಪ್ರತಿಗಳಾಗಿ ಮಾರಾಟವಾಗುತ್ತದೆ. ಮನೋಚಿಕಿತ್ಸಕನ ಸರಕು ಇಂಥದಲ್ಲ. ಅವನು ಕೊಡುವುದು ತನ್ನ ಗಮನವನ್ನು. ಅದೂ ಎದುರಿಗೆ ಕುಳಿತ ಒಬ್ಬ ವ್ಯಕ್ತಿಗೆ, ಅದೇ ಕ್ಷಣದಲ್ಲಿ. ನಿನ್ನೆಯ ಗಮನವನ್ನು ಕೂಡಿಟ್ಟು ಇಂದು ಕೊಡುವಂತಿಲ್ಲ; ಇಂದು ಬಳಸದೆ ಹೋದ ಗಂಟೆಯನ್ನು ನಾಳೆ ಮಾರುವಂತಿಲ್ಲ.

ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ರಂಗಕಲೆಗಳ ಆರ್ಥಿಕ ಸ್ಥಿತಿಯನ್ನು ಕುರಿತು 1966ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ತೋರಿಸಿಕೊಟ್ಟ ತತ್ತ್ವ ಸರಳವಾದುದು. ಯಂತ್ರಗಳು ಬಂದಂತೆಲ್ಲ ಬಟ್ಟೆಯನ್ನು ನೇಯಲು ಬೇಕಾದ ಶ್ರಮ ಕಡಿಮೆಯಾಗುತ್ತ ಬರುತ್ತದೆ. ಆದರೆ ನಾಲ್ವರು ಸೇರಿ ನುಡಿಸಬೇಕಾದ ಸಂಗೀತಕೃತಿಯೊಂದಕ್ಕೆ ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಾಗಿತ್ತೋ ಇಂದಿಗೂ ಅಷ್ಟೇ ಬೇಕು. ತೋಡಿರಾಗದ ಆಲಾಪನೆಯನ್ನು ಎರಡರಷ್ಟು ವೇಗದಲ್ಲಿ ಹಾಡಿ ಮುಗಿಸಿದರೆ ಅದು ಕಾಲದ ಉಳಿತಾಯವಲ್ಲ, ರಾಗದ ಕೊಲೆ. ಮನೋಚಿಕಿತ್ಸೆಯೂ ಈ ಜಾತಿಗೆ ಸೇರಿದ ಕಾರ್ಯ. ಒಂದು ವ್ಯತ್ಯಾಸವುಂಟು: ಸಂಗೀತಗಾರನು ಏಕಕಾಲದಲ್ಲಿ ಸಾವಿರ ಜನಕ್ಕೆ ಹಾಡಬಹುದು, ಧ್ವನಿಮುದ್ರಣವನ್ನೂ ಮಾಡಿಸಬಹುದು, ಮನೋಚಿಕಿತ್ಸಕನ ಕೊಠಡಿಯಲ್ಲಿ ಇನ್ನೊಂದೇ ಕುರ್ಚಿ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದೊಂದು ಭೇಟಿಗೆ ಸಾಮಾನ್ಯವಾಗಿ 45 ರಿಂದ 50 ನಿಮಿಷಗಳು ಹಿಡಿಯುತ್ತವೆ. ಟಿಪ್ಪಣಿ ಬರೆದುಕೊಂಡು ಮನಸ್ಸನ್ನು ಅಣಿಮಾಡಿಕೊಳ್ಳುವುದರೊಳಗೆ ಒಂದು ಗಂಟೆ ತುಂಬುತ್ತದೆ. ಚಿಕಿತ್ಸಕರೊಬ್ಬರು ವಾರಕ್ಕೆ 30 ಭೇಟಿಗಳಂತೆ ವರ್ಷದಲ್ಲಿ 46 ವಾರ ದುಡಿದರೆಂದು ಭಾವಿಸೋಣ. ಒಟ್ಟು 1,380 ಭೇಟಿಗಳಾದವು. ಪ್ರತಿಯೊಬ್ಬ ರೋಗಿಗೂ ಸರಾಸರಿ 15 ಭೇಟಿಗಳು ಬೇಕಾದರೆ, ವರ್ಷವೆಲ್ಲ ದುಡಿದರೂ 92 ಮಂದಿಗೆ ಮಾತ್ರ ಚಿಕಿತ್ಸೆ ದೊರೆತಂತಾಯಿತು. ಅವರ ಕೀರ್ತಿ ಹತ್ತುಪಟ್ಟು ಬೆಳೆದರೂ ಈ ಸಂಖ್ಯೆ ಬೆಳೆಯುವಂತಿಲ್ಲ. ಆದಾಯವನ್ನು ಹೆಚ್ಚಿಸಿಕೊಳ್ಳಬೇಕಾದರೆ ಎರಡೇ ದಾರಿಗಳು: ಇನ್ನೂ ಹೆಚ್ಚು ಗಂಟೆ ದುಡಿಯುವುದು, ಇಲ್ಲವೆ ಶುಲ್ಕವನ್ನು ಏರಿಸುವುದು. ಮೊದಲನೆಯದು ಚಿಕಿತ್ಸಕನ ಆರೋಗ್ಯವನ್ನು ತಿನ್ನುತ್ತದೆ. ಎರಡನೆಯದು ಬಡವರನ್ನು ಬಾಗಿಲಿನಾಚೆಗೇ ನಿಲ್ಲಿಸುತ್ತದೆ. ಕಾಯಿಲೆ ಬಿದ್ದು ಮಲಗಿದರೋ, ಆದಾಯ ಅಂದಿಗೇ ನಿಂತಿತು.

ಬೆರ್ಗ್‌ಗಾಸೆಯ ಎಂಟು ಗಂಟೆಗಳು

ಈ ಏರ್ಪಾಟು ಎಲ್ಲಿಂದ ಬಂದಿತೆಂಬುದನ್ನು ತಿಳಿಯಲು ಆಸ್ಟ್ರಿಯ ದೇಶದ ವಿಯೆನ್ನ ನಗರಕ್ಕೆ ಹೋಗಬೇಕು. ಮನೋವಿಶ್ಲೇಷಣೆಯ ಪ್ರವರ್ತಕರಾದ ಸಿಗ್ಮಂಡ್ ಫ್ರಾಯ್ಡ್ ಅಲ್ಲಿ ತಮ್ಮ ಸ್ವಂತ ವೃತ್ತಿಯನ್ನಾರಂಭಿಸಿದ್ದು 1886ರಲ್ಲಿ. 1891ರಿಂದ 1938ರವರೆಗೆ ಬೆರ್ಗ್‌ಗಾಸೆ ಎಂಬ ಬೀದಿಯ 19ನೆಯ ಸಂಖ್ಯೆಯ ಕಟ್ಟಡವೇ ಅವರ ವಾಸಸ್ಥಾನವಾಗಿತ್ತು. ಮಾತಿನ ಚಿಕಿತ್ಸೆಗೆ ಇಂದು ಲೋಕದಲ್ಲಿ ರೂಢಿಯಾಗಿರುವ ವ್ಯವಹಾರದ ಕ್ರಮವನ್ನು ಬಹುಮಟ್ಟಿಗೆ ರೂಪಿಸಿದವರು ಅವರೇ.

ಚಿಕಿತ್ಸೆಯನ್ನು ಆರಂಭಿಸುವ ವಿಧಾನವನ್ನು ಕುರಿತು 1913ರಲ್ಲಿ ಬರೆದ ಪ್ರಬಂಧದಲ್ಲಿ ಫ್ರಾಯ್ಡ್ ಈ ವ್ಯವಹಾರವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. ಪ್ರತಿಯೊಬ್ಬ ರೋಗಿಗೂ ದಿನದಲ್ಲಿ ಒಂದು ನಿಶ್ಚಿತವಾದ ಗಂಟೆ ಮೀಸಲು; ಅದು ಗುತ್ತಿಗೆ ಹಿಡಿದ ಭೂಮಿಯಂತೆ ಅವನದೇ. ಬಂದರೂ ಬಾರದಿದ್ದರೂ ಅದರ ಶುಲ್ಕವನ್ನು ಅವನು ತೆರತಕ್ಕದ್ದು. ಸಂಗೀತವನ್ನೋ ಭಾಷೆಯನ್ನೋ ಮನೆಪಾಠ ಹೇಳುವ ಉಪಾಧ್ಯಾಯರ ಕ್ರಮವೂ ಹೀಗೆಯೇ ಅಲ್ಲವೆ ಎಂದು ಅವರು ಸಮರ್ಥಿಸಿಕೊಳ್ಳುತ್ತಾರೆ. ಕಠಿಣವೆನಿಸಿದರೂ ಇದರಲ್ಲಿ ನ್ಯಾಯವುಂಟು: ಬಿಟ್ಟುಹೋದ ಗಂಟೆಯನ್ನು ಬೇರೆಯವರಿಗೆ ಕೊಡುವಂತಿಲ್ಲದ ಮೇಲೆ ಅದರ ನಷ್ಟವನ್ನು ಯಾರಾದರೂ ಹೊರಲೇಬೇಕಷ್ಟೆ.

ಅದೇ ಪ್ರಬಂಧದಲ್ಲಿ ಮತ್ತೊಂದು ಸ್ವಾರಸ್ಯದ ವಿಷಯವಿದೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾವು ಅವನ ಕಣ್ಣಿಗೆ ಕಾಣದಂತೆ ಹಿಂದೆ ಕುಳಿತುಕೊಳ್ಳುವ ಪದ್ಧತಿಗೆ ಫ್ರಾಯ್ಡ್ ಶಾಸ್ತ್ರೀಯ ಕಾರಣಗಳನ್ನು ಕೊಡುತ್ತಾರೆ. ಅವುಗಳ ಜೊತೆಗೆ ಒಂದು ಸ್ವಂತ ಕಾರಣವನ್ನೂ ಹೇಳುತ್ತಾರೆ. ದಿನಕ್ಕೆ ಎಂಟು ಗಂಟೆಗಳ ಕಾಲ, ಅಥವಾ ಅದಕ್ಕೂ ಹೆಚ್ಚಾಗಿ, ಜನರು ತಮ್ಮನ್ನು ದಿಟ್ಟಿಸಿ ನೋಡುತ್ತಿರುವುದನ್ನು ತಾವು ಸಹಿಸಲಾರಿರೆಂಬುದೇ ಆ ಕಾರಣ. ಜಗತ್ಪ್ರಸಿದ್ಧವಾದ ಆ ಮಂಚದ ಹಿಂದೆ ದಣಿದ ಮನುಷ್ಯನೊಬ್ಬನ ಆತ್ಮರಕ್ಷಣೆಯೂ ಇತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಬಡರೋಗಿಗಳ ಮಾತೇನು? ಸುಮಾರು 10 ವರ್ಷಗಳ ಕಾಲ ತಾವು ದಿನಕ್ಕೆ ಒಂದು ಗಂಟೆಯನ್ನು, ಕೆಲವೊಮ್ಮೆ ಎರಡು ಗಂಟೆಗಳನ್ನು ಉಚಿತ ಚಿಕಿತ್ಸೆಗೆ ಮೀಸಲಿಟ್ಟಿದ್ದುದಾಗಿ ಫ್ರಾಯ್ಡ್ ಹೇಳುತ್ತಾರೆ. ಆದರೆ ಮನೋವಿಶ್ಲೇಷಕನು ಉಚಿತವಾಗಿ ಒಬ್ಬ ರೋಗಿಯನ್ನು ಕೈಕೊಂಡರೆ ತನ್ನ ದುಡಿಮೆಯ ಕಾಲದ ಏಳನೆಯ ಅಥವಾ ಎಂಟನೆಯ ಒಂದು ಭಾಗವನ್ನು ತಿಂಗಳುಗಟ್ಟಲೆ ಬಿಟ್ಟುಕೊಟ್ಟಂತೆ. ಇಬ್ಬರನ್ನು ಕೈಕೊಂಡರೆ ನಾಲ್ಕನೆಯ ಅಥವಾ ಮೂರನೆಯ ಒಂದು ಭಾಗ. ಸಾಮಾನ್ಯ ವೈದ್ಯನು ದಾರಿಯಲ್ಲಿ ಹೋಗುತ್ತ ಬಡವನೊಬ್ಬನ ನಾಡಿ ನೋಡಿ ಔಷಧಿ ಬರೆದುಕೊಟ್ಟಂತೆ ಇದು ಆಗಲಾರದು. ದಾನ ಮಾಡುವ ಬುದ್ಧಿಯಿದ್ದರೂ ಕೈ ಕಟ್ಟಿಹಾಕುವ ವೃತ್ತಿಯಿದು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರಿಯದ ನಾಣ್ಯದ ಬೆಲೆ ಕುಸಿದುಹೋಯಿತು. ಇಂಗ್ಲೆಂಡ್ ಅಮೆರಿಕಗಳಿಂದ ಬಂದು ತಮ್ಮ ನಾಡಿನ ಹಣವನ್ನು ಕೊಡಬಲ್ಲ ಶಿಷ್ಯರನ್ನೂ ರೋಗಿಗಳನ್ನೂ ಫ್ರಾಯ್ಡ್ ಹೆಚ್ಚಾಗಿ ತೆಗೆದುಕೊಳ್ಳಬೇಕಾಯಿತು. ಮನಸ್ಸಿನ ಸೂಕ್ಷ್ಮಗಳನ್ನೆಲ್ಲ ಪರಭಾಷೆಯಲ್ಲಿ ಕೇಳುವ ಶ್ರಮ ಇದರೊಡನೆ ಸೇರಿತು. 1923ರಲ್ಲಿ ದವಡೆಯ ಕ್ಯಾನ್ಸರ್ ಕಾಣಿಸಿಕೊಂಡ ಮೇಲೂ ಅವರು ವೃತ್ತಿಯನ್ನು ಬಿಡಲಿಲ್ಲ. ನಾಜಿಗಳ ದೆಸೆಯಿಂದ 1938ರಲ್ಲಿ ಲಂಡನ್ನಿಗೆ ವಲಸೆಹೋದಾಗಲೂ ಅಲ್ಲಿ ರೋಗಿಗಳನ್ನು ನೋಡುತ್ತಿದ್ದರು. ನಿಲ್ಲಿಸಿದ್ದು 1939ರ ಬೇಸಗೆಯಲ್ಲಿ, ಸಾಯುವುದಕ್ಕೆ ಕೆಲವು ವಾರಗಳ ಮುನ್ನ. ಆಗ ಅವರ ವಯಸ್ಸು 83. ಫ್ರಾಯ್ಡ್ ತಮ್ಮನ್ನು ಸೆರೆಯಾಳೆಂದು ತಿಳಿದಿದ್ದರೆಂದು ನಾವು ಹೇಳುತ್ತಿಲ್ಲ. ಪ್ರತಿವರ್ಷವೂ ಬೇಸಗೆಯಲ್ಲಿ ದೀರ್ಘವಾದ ರಜೆಯನ್ನು ತೆಗೆದುಕೊಂಡು ಬೆಟ್ಟಗಾಡುಗಳಲ್ಲಿ ತಿರುಗಾಡಿ ಬರುವಷ್ಟು ವಿವೇಕ ಅವರಿಗಿತ್ತು. ಬರೆಯಲು, ಶಿಷ್ಯರೊಡನೆ ಚರ್ಚಿಸಲು ಕೊಠಡಿಯ ಹೊರಗೊಂದು ಲೋಕವೂ ಇತ್ತು. ಅವರ ಗಂಟೆಯ ಲೆಕ್ಕವನ್ನು ಪಡೆದುಕೊಂಡು, ಆ ರಜೆಯನ್ನೂ ಆ ಲೋಕವನ್ನೂ ಪಡೆಯದೆ ಹೋದ ಚಿಕಿತ್ಸಕರ ಪಾಡೇ ಈಗ ವಿಚಾರಾರ್ಹವಾದುದು.

ಇಳಿಸಲಾಗದ ಹೊರೆ

ಕಾಲದ ಅಭಾವವೊಂದೇ ಆಗಿದ್ದರೆ ಈ ವೃತ್ತಿಗೂ ಇತರ ವೃತ್ತಿಗಳಿಗೂ ಹೆಚ್ಚಿನ ಭೇದವಿರುತ್ತಿರಲಿಲ್ಲ. ಮನೋಚಿಕಿತ್ಸೆಯಲ್ಲಿ ಚಿಕಿತ್ಸಕನ ಮೇಲೆ ರೋಗಿಗೆ ಹುಟ್ಟುವ ವಿಶ್ವಾಸವೇ ಔಷಧದ ಒಂದು ಭಾಗ. ತಂದೆತಾಯಿಗಳಿಗೂ ಹೇಳದ ಮಾತನ್ನು ರೋಗಿ ತಿಂಗಳುಗಳ ಪರಿಚಯದ ಮೇಲೆ ಇಲ್ಲಿ ಹೇಳಿರುತ್ತಾನೆ. ಹಲ್ಲಿನ ವೈದ್ಯರು ಊರು ಬಿಟ್ಟರೆ ರೋಗಿಗಳನ್ನು ಇನ್ನೊಬ್ಬ ವೈದ್ಯರಿಗೆ ಒಪ್ಪಿಸಿಹೋಗಬಹುದು. ಮನೋಚಿಕಿತ್ಸಕರು ಹಾಗೆ ಒಪ್ಪಿಸಿದರೆ, ಮೊದಲೇ ನೊಂದ ಜೀವ ಮತ್ತೊಮ್ಮೆ ಕೈಬಿಟ್ಟಂತಾಯಿತೆಂದು ನೋಯಬಹುದು. ಆದುದರಿಂದ ವೃತ್ತಿಧರ್ಮವನ್ನು ಬಲ್ಲ ಚಿಕಿತ್ಸಕರು ಹಠಾತ್ತನೆ ಕೊಠಡಿಯ ಬಾಗಿಲನ್ನು ಮುಚ್ಚಲಾರರು. ಬಾಗಿಲನ್ನು ತೆರೆದಿಟ್ಟಿರುವಷ್ಟು ಕಾಲವೂ ಹೊಸ ರೋಗಿಗಳು, ಹೊಸ ವಿಶ್ವಾಸ, ಹೊಸ ಬಂಧನ. ಒಳ್ಳೆಯವರಿಗೇ ಈ ಕಟ್ಟು ಹೆಚ್ಚು ಬಿಗಿ.

ಇದರ ಜೊತೆಗೆ ಗುಟ್ಟಿನ ಹೊರೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ವಿಷಯಗಳು ಗೋಪ್ಯವಾಗಿರಬೇಕೆಂಬುದನ್ನು ಅವನ ಹಕ್ಕೆಂದೇ ಮಾನ್ಯಮಾಡಿದೆ. ಅದು ಸರಿಯಾದುದೇ. ಆದರೆ ಇತರರು ಸಂಜೆ ಮನೆಗೆ ಬಂದು "ಇವತ್ತು ಏನಾಯಿತು ಗೊತ್ತೆ?" ಎಂದು ದಿನದ ಭಾರವನ್ನು ಇಳಿಸಿಕೊಳ್ಳುವಂತೆ ಚಿಕಿತ್ಸಕನು ಇಳಿಸಿಕೊಳ್ಳಲಾರನು. ಆಸ್ಪತ್ರೆಯಲ್ಲಾದರೆ ಪಕ್ಕದ ಕೊಠಡಿಯಲ್ಲಿ ಸಹೋದ್ಯೋಗಿಯೊಬ್ಬನಿರುತ್ತಾನೆ. ಒಬ್ಬಂಟಿಯಾದ ಚಿಕಿತ್ಸಕನ ಪಕ್ಕದಲ್ಲಿ ಗೋಡೆ.

ಸಹೋದ್ಯೋಗಿಯ ಬೆಲೆಯೇನೆಂಬುದಕ್ಕೆ ಅಮೆರಿಕದ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ ಅವರ ಅನುಭವವೇ ಸಾಕ್ಷಿ. ರೋಗಿಯನ್ನು ಗೌರವದಿಂದ ಆಲಿಸುವುದನ್ನೇ ಚಿಕಿತ್ಸೆಯ ತಿರುಳನ್ನಾಗಿ ಮಾಡಿದವರು ಅವರು. ಷಿಕಾಗೊ ವಿಶ್ವವಿದ್ಯಾನಿಲಯದ ಸಲಹಾಕೇಂದ್ರದಲ್ಲಿದ್ದಾಗ, 1949ರ ಸುಮಾರಿನಲ್ಲಿ, ತೀವ್ರವಾದ ಅಸ್ವಸ್ಥತೆಯಿದ್ದ ರೋಗಿಯೊಬ್ಬರ ಚಿಕಿತ್ಸೆಯಲ್ಲಿ ಅವರು ಎಷ್ಟು ಆಳವಾಗಿ ಸಿಲುಕಿಕೊಂಡರೆಂದರೆ, ತಮ್ಮ ಮನಸ್ಸೆಲ್ಲಿ, ಆ ರೋಗಿಯ ಮನಸ್ಸೆಲ್ಲಿ ಎಂಬ ಎಲ್ಲೆಯೇ ಅಳಿಸಿಹೋಗುವಂತಾಯಿತು. ಕೊನೆಗೆ ರೋಗಿಯನ್ನು ಬೇರೊಬ್ಬ ವೈದ್ಯರಿಗೆ ಒಪ್ಪಿಸಿ, ಪತ್ನಿಯೊಡನೆ ಊರು ಬಿಟ್ಟು ಎರಡು ಮೂರು ತಿಂಗಳು ದೂರವಿದ್ದರು. ಹಿಂದಿರುಗಿದ ಮೇಲೆ ತಮ್ಮ ಕೇಂದ್ರದ ಸಹೋದ್ಯೋಗಿಯೊಬ್ಬರಿಂದಲೇ ಚಿಕಿತ್ಸೆಯನ್ನು ಪಡೆದರು. ಇದನ್ನೆಲ್ಲ ಮುಂದೆ ಅವರೇ ಸಂಕೋಚವಿಲ್ಲದೆ ಬರೆದರು. ರಾಜರ್ಸ್ ಅವರಿಗೆ ಓಡಿಹೋಗಲು ಅವಕಾಶವಿತ್ತು, ಮರಳಿ ಬರಲು ಸಂಸ್ಥೆಯಿತ್ತು, ಕೈಹಿಡಿಯಲು ಜೊತೆಗಾರರಿದ್ದರು. ಈ ಮೂರೂ ಇಲ್ಲದವನ ಗತಿಯೇನು?

ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಹಗಲೆಲ್ಲ ಸ್ವಂತ ವೃತ್ತಿಯನ್ನು ನಡೆಸಿ ರಾತ್ರಿ ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತಿದ್ದರು. ಅಲ್ಲಿಯ ಸೇವಕರಲ್ಲಿಯೂ ತಮ್ಮಲ್ಲಿಯೂ ಕಂಡ ಒಂದು ಬಗೆಯ ಬಳಲಿಕೆಗೆ 1974ರ ಲೇಖನದಲ್ಲಿ ಅವರು 'ಬರ್ನ್‌ಔಟ್' ಎಂಬ ಹೆಸರನ್ನು ಬಳಸಿದರು. ಎಣ್ಣೆ ತೀರಿ ಬತ್ತಿಯೇ ಉರಿದುಹೋಗುವ ದೀಪದ ಸ್ಥಿತಿಯೆಂದು ನಾವು ಅದನ್ನು ತಿಳಿಯಬಹುದು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿ ಮೂರು ಲಕ್ಷಣಗಳನ್ನು ಗುರುತಿಸಿದರು: ಭಾವನೆಗಳು ಬರಿದಾಗುವುದು, ಎದುರಿನವರನ್ನು ಮನುಷ್ಯರೆಂದು ಕಾಣದೆ ಬರಿಯ ಕೆಲಸವೆಂದು ಕಾಣುವುದು, ತಾನು ಸಾಧಿಸಿದ್ದು ಏನೂ ಇಲ್ಲವೆನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದು ಕರೆಯದೆ, ಉದ್ಯೋಗದಿಂದ ಉಂಟಾಗುವ ಸ್ಥಿತಿಯೆಂದು 2019ರಲ್ಲಿ ವಿವರಿಸಿತು. ಈ ಭೇದ ಮುಖ್ಯವಾದುದು: ದೋಷವನ್ನು ಹುಡುಕಬೇಕಾದುದು ದುಡಿಯುವವನ ಮೈಯಲ್ಲಲ್ಲ, ದುಡಿಮೆಯ ಏರ್ಪಾಟಿನಲ್ಲಿ.

ಬಳಲಿಕೆಯೂ ಸೆರೆಯೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ದಣಿದ ಎತ್ತು ನೊಗ ಇಳಿಸಿದರೆ ಸುಧಾರಿಸಿಕೊಳ್ಳುತ್ತದೆ. ನೊಗವೇ ಕುತ್ತಿಗೆಗೆ ಅಂಟಿಕೊಂಡರೆ ಆಗುವುದು ಸೆರೆ. ಯಶಸ್ವಿಯಾದ ಒಂಟಿವೃತ್ತಿಯಲ್ಲಿ ನೊಗ ಅಂಟಿಕೊಳ್ಳುವುದಕ್ಕೆ ಮನೆಯ ಸಾಲ, ಮಕ್ಕಳ ವಿದ್ಯಾಭ್ಯಾಸ, ಊರಿನ ಮನ್ನಣೆ, ರೋಗಿಗಳ ನಂಬಿಕೆ ಎಲ್ಲವೂ ಅಂಟಾಗಿ ಒದಗುತ್ತವೆ.

ರೋಗಿಗೆ ತಗಲುವ ನಷ್ಟ

"ಹೊಟ್ಟೆ ತುಂಬಿದವರ ದುಃಖಕ್ಕೆ ನಾವೇಕೆ ಮರುಗಬೇಕು? ಬಿಸಿಲಿನಲ್ಲಿ ಕಲ್ಲು ಒಡೆಯುವವನ ಸೆರೆಯ ಮುಂದೆ ಇದೆಂಥ ಸೆರೆ?" ಎಂದು ವಾಚಕರು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಚಿಕಿತ್ಸಕರ ಸುಖಕ್ಕಾಗಿ ಮಾತ್ರವೇ ಆಗಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ. ಸೆರೆಸಿಕ್ಕ ಚಿಕಿತ್ಸಕನ ಋಣವನ್ನು ಕೊನೆಗೆ ತೀರಿಸುವವನು ರೋಗಿ. ಅದಕ್ಕಾಗಿಯೇ ಈ ವಿಚಾರ.

ಹೇಗೆಂದರೆ: ಕೆನೆತ್ ಹೋವರ್ಡ್ ಮತ್ತು ಅವರ ಸಂಗಡಿಗರು ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ 1986ರಲ್ಲಿ ತೋರಿಸಿದಂತೆ, 8 ಭೇಟಿಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿಯೂ, 26 ಭೇಟಿಗಳೊಳಗೆ ಸುಮಾರು ಮುಕ್ಕಾಲುಪಾಲು ರೋಗಿಗಳಲ್ಲಿಯೂ ಅಳೆಯಬಹುದಾದ ಗುಣ ಕಾಣಿಸಿಕೊಳ್ಳುತ್ತದೆ. ಎಂದರೆ ಮೊದಲ ಭೇಟಿಗಳಿಂದ ದೊರೆಯುವ ಪ್ರಯೋಜನ ಹೆಚ್ಚು. ಬರಬರುತ್ತ ಒಂದೊಂದು ಭೇಟಿಯ ಪ್ರಯೋಜನ ಕಡಿಮೆ. ಆದರೆ ಒಂಟಿವೃತ್ತಿಯ ಆದಾಯ ನಿಂತಿರುವುದು ರೋಗಿ ಬರುತ್ತಲೇ ಇರುವುದರ ಮೇಲೆ. ಗುಣಹೊಂದಿದವನು ಹೊರಟುಹೋದರೆ ಆ ಗಂಟೆ ಬರಿದು. ಹಳಬನನ್ನು ಕಳುಹಿಸಿ, ಕತ್ತಲೆಯಲ್ಲಿ ತಡವರಿಸುತ್ತಿರುವ ಹೊಸಬನನ್ನು ಕರೆದುಕೊಳ್ಳುವುದು ಶ್ರಮದ ಕೆಲಸ. ಪರಿಚಿತನೊಡನೆ ಮಾತು ಮುಂದುವರಿಸುವುದು ಹಗುರ. ಚಿಕಿತ್ಸಕನು ಪ್ರಾಮಾಣಿಕನಾಗಿದ್ದರೂ, ದಣಿದ ಮನಸ್ಸು ತನಗೆ ತಿಳಿಯದಂತೆಯೇ ಹಗುರವಾದ ದಾರಿಯನ್ನು ಹಿಡಿದೀತು. ಬಾಗಿಲಿನ ಹೊರಗೆ ಕಾಯುತ್ತಿರುವವರಿಗೆ ಆಗ ಸರದಿ ಬಾರದೆ ಹೋಗುತ್ತದೆ.

ಅನುಭವದಿಂದಲಾದರೂ ಕೈ ಕುದುರುತ್ತದೆಯೆ? 170 ಚಿಕಿತ್ಸಕರನ್ನೂ ಅವರ 6,591 ರೋಗಿಗಳನ್ನೂ ಕುರಿತು ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಚ್ಚರಿಯ ಉತ್ತರವನ್ನು ಕೊಟ್ಟಿತು. ವರ್ಷಗಳು ಕಳೆದಂತೆ ಚಿಕಿತ್ಸೆಯ ಫಲ ಸರಾಸರಿಯಲ್ಲಿ ಹೆಚ್ಚಲಿಲ್ಲ, ಅತ್ಯಲ್ಪವಾಗಿ ಇಳಿಯಿತು. ಕೆಲವರು ಮಾತ್ರ ಉತ್ತಮಗೊಂಡಿದ್ದರು. ಇದರಲ್ಲಿ ವಿಸ್ಮಯವೇನೂ ಇಲ್ಲವೆಂದು ನಮಗೆ ತೋರುತ್ತದೆ. ಬಿಲ್ಲುಗಾರನು ಬಾಣ ಎಲ್ಲಿ ನಾಟಿತೆಂಬುದನ್ನು ನೋಡುತ್ತಾನೆ, ಅದರಿಂದ ಕಲಿಯುತ್ತಾನೆ. ಮುಚ್ಚಿದ ಬಾಗಿಲಿನ ಹಿಂದೆ ಒಬ್ಬನೇ ಕೆಲಸ ಮಾಡುವವನಿಗೆ ತನ್ನ ಗುರಿ ತಪ್ಪಿದುದನ್ನು ಯಾರು ಹೇಳಬೇಕು? ಗುಣವಾಗದ ರೋಗಿ ಜಗಳವಾಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ದಿನಚರಿ ತುಂಬಿರುವುದೊಂದೇ ಯಶಸ್ಸಿನ ಅಳತೆಯಾದರೆ ಆ ಖಾಲಿ ಗಂಟೆ ಮರುದಿನವೇ ತುಂಬುತ್ತದೆ, ಪಾಠ ಕಳೆದುಹೋಗುತ್ತದೆ.

ಹಾಗಾದರೆ ಸಂಬಳದ ಕೆಲಸಕ್ಕೆ ಸೇರಿದರೆ ಎಲ್ಲ ಸರಿಹೋಗುತ್ತದೆಯೆ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲ. ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ ಅಲ್ಲಿಯ ದಣಿವು ಇನ್ನೊಂದು ಬಗೆಯದೆಂಬುದು ತಿಳಿಯುತ್ತದೆ. ಸ್ವಂತ ವೃತ್ತಿಯಲ್ಲಿ ಸ್ವಾತಂತ್ರ್ಯವುಂಟು, ರೋಗಿಗೆ ಸಾವಧಾನವಾಗಿ ಕಾಲ ಕೊಡುವ ಅವಕಾಶವುಂಟು. ಅವನ್ನು ನಾವು ಅಲ್ಲಗಳೆಯುವುದಿಲ್ಲ. ಒಂಟಿತನವನ್ನು ಮಾತ್ರ ತೊಡೆದುಹಾಕಬೇಕೆಂಬುದು ನಮ್ಮ ವಾದ.

ಬಿಡುಗಡೆಯ ದಾರಿ

ಈ ದಾರಿಯನ್ನು ಮೊದಲು ಕಂಡವರಲ್ಲಿ ಫ್ರಾಯ್ಡ್ ಅವರೇ ಒಬ್ಬರು. 1918ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಮಾತನಾಡುತ್ತ ಅವರು, ಮನೋವಿಶ್ಲೇಷಕರು ಬೆರಳೆಣಿಕೆಯ ಮಂದಿ, ಅವರಲ್ಲಿ ಒಬ್ಬೊಬ್ಬನೂ ಎಷ್ಟು ಕಷ್ಟಪಟ್ಟರೂ ವರ್ಷದಲ್ಲಿ ನೋಡಬಹುದಾದ ರೋಗಿಗಳು ಕೆಲವರೇ, ಲೋಕದಲ್ಲಿರುವ ಮನೋವ್ಯಥೆಯ ರಾಶಿಯ ಮುಂದೆ ಇದು ಏನೂ ಅಲ್ಲವೆಂದು ಒಪ್ಪಿಕೊಂಡರು. ಕ್ಷಯರೋಗಕ್ಕೆ ಹೇಗೋ ಹಾಗೆಯೇ ಮನಸ್ಸಿನ ರೋಗಕ್ಕೂ ಸಮಾಜವೇ ಉಚಿತ ಚಿಕಿತ್ಸೆಯ ಸಂಸ್ಥೆಗಳನ್ನು ತೆರೆಯುವ ದಿನ ಬರುವುದೆಂದು ನುಡಿದರು. 1920ರಲ್ಲಿ ಬರ್ಲಿನ್ನಿನಲ್ಲಿ, 1922ರಲ್ಲಿ ವಿಯೆನ್ನದಲ್ಲಿ ಅವರ ಅನುಯಾಯಿಗಳು ಅಂಥ ಚಿಕಿತ್ಸಾಲಯಗಳನ್ನು ತೆರೆದರು. ಬರ್ಲಿನ್ನಿನದು ಚಿಕಿತ್ಸೆಯ ಜೊತೆಗೆ ಹೊಸಬರನ್ನು ತರಬೇತು ಮಾಡುವ ಶಾಲೆಯೂ ಆಗಿತ್ತು. ವಿಶ್ಲೇಷಕರು ಐದು ವರ್ಷಗಳಿಗೊಮ್ಮೆ ತಾವೇ ವಿಶ್ಲೇಷಣೆಗೆ ಒಳಗಾಗುವುದು ಒಳ್ಳೆಯದೆಂದು 1937ರಲ್ಲಿ ಫ್ರಾಯ್ಡ್ ಸಲಹೆ ಮಾಡಿದ್ದೂ ಇಲ್ಲಿ ಸ್ಮರಣೀಯ.

ಇಂದಿನ ಪ್ರಯೋಗಗಳು ಇನ್ನೂ ಮುಂದೆ ಹೋಗಿವೆ. ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯ ಎಂಬಾರೆ ಎಂಬ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರಿಗೆ ಸರಳವಾದ ಸಮಾಲೋಚನೆಯ ಕ್ರಮವನ್ನು ಕಲಿಸಿದರು. ಆರೋಗ್ಯಕೇಂದ್ರದ ಹೊರಗೆ ಮರದ ಬೆಂಚಿನ ಮೇಲೆ ಕುಳಿತು ಆ ಅಜ್ಜಿಯರು ನೊಂದವರ ಮಾತು ಕೇಳುತ್ತಾರೆ, ತೊಡಕನ್ನು ಬಿಡಿಸಿಕೊಳ್ಳುವ ದಾರಿಯನ್ನು ಅವರಿಂದಲೇ ಹೊರಡಿಸುತ್ತಾರೆ. ಇದನ್ನು 573 ಜನರ ಮೇಲೆ ಪರೀಕ್ಷಿಸಿದ ಫಲ 2016ರಲ್ಲಿ ಪ್ರಕಟವಾಯಿತು: ಆರು ತಿಂಗಳ ತರುವಾಯ ಇವರ ವ್ಯಥೆಯ ಲಕ್ಷಣಗಳು ಸಾಮಾನ್ಯ ಆರೈಕೆಯನ್ನು ಪಡೆದವರಿಗಿಂತ ಸ್ಪಷ್ಟವಾಗಿ ತಗ್ಗಿದ್ದುವು. ನಮ್ಮ ನೆರೆಯ ಗೋವೆಯಲ್ಲಿಯೂ ಸಾಮಾನ್ಯ ಜನರನ್ನೇ ತರಬೇತು ಮಾಡಿ, ತೀವ್ರವಾದ ಖಿನ್ನತೆಯಿದ್ದವರಿಗೆ ಆರರಿಂದ ಎಂಟು ಭೇಟಿಗಳಲ್ಲಿ ಪರಿಣಾಮಕಾರಿಯಾದ ಮಾತಿನ ಚಿಕಿತ್ಸೆಯನ್ನು ಕೊಡಿಸಿದ ಪ್ರಯೋಗ ನಡೆದಿದೆ. ಇಂಥ ಏರ್ಪಾಟಿನಲ್ಲಿ ತಜ್ಞನು ವರ್ಷಕ್ಕೆ 92 ಮಂದಿಯನ್ನು ತಾನೊಬ್ಬನೇ ನೋಡುವ ಬದಲು, ಹಲವರಿಗೆ ಕಲಿಸಿ, ಅವರ ಕೆಲಸವನ್ನು ಪರಿಶೀಲಿಸಿ, ಕಠಿಣವಾದ ಪ್ರಸಂಗಗಳನ್ನು ಮಾತ್ರ ತಾನು ಕೈಕೊಳ್ಳುತ್ತಾನೆ. ಗಂಟೆಯನ್ನು ಹಿಗ್ಗಿಸಲಾಗದು, ವಿದ್ಯೆಯನ್ನು ಹಂಚಬಹುದು. ಅವನಿಗೂ ರಜೆ ಸಿಕ್ಕುತ್ತದೆ, ಅವನಿಲ್ಲದಾಗಲೂ ರೋಗಿಗೆ ದಿಕ್ಕಿರುತ್ತದೆ.

ಕನ್ನಡನಾಡಿಗೆ ಈ ವಿಚಾರ ಹೊಸದಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಮನೋವೈದ್ಯದ ಶಿಕ್ಷಣಕ್ಕೆಂದು ಅಖಿಲ ಭಾರತ ಸಂಸ್ಥೆಯೊಂದು ಆರಂಭವಾಯಿತು. 1974ರಲ್ಲಿ ಅದೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸಿ ಉಪಚರಿಸುವುದನ್ನು ಕಲಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಅಲ್ಲಿ ಮುಖ್ಯವಾಗಿ ನಡೆದುದು ಔಷಧೋಪಚಾರ. ಮಾತಿನ ಚಿಕಿತ್ಸೆಯನ್ನೂ ಅದೇ ರೀತಿಯಲ್ಲಿ ಹಂಚುವ ಕೆಲಸ ಇನ್ನೂ ವಿಶಾಲವಾಗಿ ನಡೆಯಬೇಕಾಗಿದೆ. ಏಕೆಂದರೆ ಕೊರತೆ ಭಯಂಕರವಾದುದು. 12 ರಾಜ್ಯಗಳಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಯಾವುದಾದರೊಂದು ಮನೋವ್ಯಾಧಿ ಇದ್ದಿತು; ಖಿನ್ನತೆ, ಆತಂಕ ಮೊದಲಾದ ಸಾಮಾನ್ಯ ವ್ಯಾಧಿಗಳಿದ್ದವರಲ್ಲಿ ಶೇಕಡ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಗರದ ಯಶಸ್ವಿ ಚಿಕಿತ್ಸಕನ ಬಾಗಿಲಿನಲ್ಲಿ ನೂಕುನುಗ್ಗಲೇಕೆಂಬುದು ಈಗ ತಿಳಿಯಿತಷ್ಟೆ. ಅವನ ತುಂಬಿದ ದಿನಚರಿ ಅವನ ಪ್ರತಿಭೆಗೆ ಎಷ್ಟರ ಸಾಕ್ಷಿಯೋ, ನಾಡಿನ ಅಭಾವಕ್ಕೂ ಅಷ್ಟರ ಸಾಕ್ಷಿ. ಬರಗಾಲದಲ್ಲಿ ಒಂದೇ ಬಾವಿಗೆ ಊರೆಲ್ಲ ಮುಗಿಬಿದ್ದರೆ, ಬಾವಿಗೆ ಯಶಸ್ಸು ಬಂತೆಂದು ಹಿಗ್ಗುವುದು ವಿವೇಕವಲ್ಲ. ಇನ್ನಷ್ಟು ಬಾವಿಗಳನ್ನು ತೋಡಬೇಕು.

ಆದುದರಿಂದ ಈ ವೃತ್ತಿಯನ್ನು ಸೇರಬಯಸುವ ವಿದ್ಯಾರ್ಥಿ ಮಿತ್ರರಿಗೆ ನಾವು ಹೇಳುವುದಿಷ್ಟು. ಸ್ವಂತ ವೃತ್ತಿಯನ್ನು ಮಾಡಿರಿ, ತಪ್ಪಿಲ್ಲ, ಒಬ್ಬಂಟಿಯಾಗಿ ಮಾಡಬೇಡಿರಿ. ನಾಲ್ವರು ಸೇರಿ ಒಂದು ಚಿಕಿತ್ಸಾಲಯವನ್ನು ಕಟ್ಟಿರಿ. ಒಬ್ಬರ ಕೆಲಸವನ್ನು ಮತ್ತೊಬ್ಬರು ಪರಿಶೀಲಿಸುವ ದಿನವೊಂದು ವಾರದಲ್ಲಿರಲಿ. ಬಂದವರ ಸಂಖ್ಯೆಗೆ ಬದಲಾಗಿ ಗುಣಹೊಂದಿ ಹೋದವರ ಸಂಖ್ಯೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ವಾರದ ಕೆಲವು ಗಂಟೆಗಳನ್ನು ಕಲಿಸುವುದಕ್ಕೆ ಮೀಸಲಿಡಿರಿ. ಉಪಾಧ್ಯಾಯರು, ದಾದಿಯರು, ಆಶಾ ಕಾರ್ಯಕರ್ತೆಯರು ನಿಮ್ಮ ವಿದ್ಯೆಯ ಒಂದು ಪಾಲನ್ನು ಹಳ್ಳಿಗೆ ಒಯ್ಯಬಲ್ಲರು. ನಿಮ್ಮ ಹೊರೆಯನ್ನು ಹೇಳಿಕೊಳ್ಳಲು ಹಿರಿಯರೊಬ್ಬರನ್ನು ಆರಿಸಿಕೊಳ್ಳಿರಿ. ಇನ್ನೊಬ್ಬರ ನೆರವನ್ನು ಬೇಡುವುದು ನಾಚಿಕೆಯಲ್ಲವೆಂದು ದಿನವೂ ರೋಗಿಗಳಿಗೆ ಹೇಳುವವರು ಅದನ್ನು ತಮಗೂ ಹೇಳಿಕೊಳ್ಳಬೇಕಲ್ಲವೆ?

ಸರ್ಕಾರ ಮತ್ತು ವಿಶ್ವವಿದ್ಯಾನಿಲಯಗಳ ಹೊಣೆಯೂ ಸಣ್ಣದಲ್ಲ. ಚಿಕಿತ್ಸೆ ಮಾಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಚಿಕಿತ್ಸಕನಾಗಿ ದೀರ್ಘಕಾಲ ಬಾಳುವುದನ್ನೂ ಪಠ್ಯಕ್ರಮದಲ್ಲಿ ಕಲಿಸಬೇಕು. ರೋಗಿಯ ಮನಸ್ಸಿನ ಬಾಗಿಲನ್ನು ತೆರೆಯುವುದು ಈ ವಿದ್ಯೆಯ ಗುರಿ. ಅದನ್ನು ತೆರೆಯುವವನು ತನ್ನ ಕೊಠಡಿಯಲ್ಲಿಯೇ ಬಂದಿಯಾಗಿ ಕುಳಿತಿರುವ ಏರ್ಪಾಟು ಬಹುಕಾಲ ನಿಲ್ಲತಕ್ಕದ್ದಲ್ಲ. ಅದನ್ನು ತಿದ್ದುವ ಕೆಲಸ ಇಂದು ಓದುತ್ತಿರುವ ತರುಣರ ಪಾಲಿಗೆ ಬಂದಿದೆ.